ವಿದೇಶಿಯರೆಂಬ ಶಂಕೆಯಲ್ಲಿ ಅಕ್ರಮ ಬಂಧನ: ಬಿಡುಗಡೆ ಮತ್ತು ಪರಿಹಾರಕ್ಕೆ ಮಾಡಬೇಕಾದದ್ದು

ಮುಂಬೈ, ಪುಣೆಯ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ, ಗೋವಾದ ಬೈನಾ, ಜುವಾರಿನಗರದ ಓಣಿಗಳಲ್ಲಿ ನೆಲೆಸಿರುವ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕುಟುಂಬಗಳಿಗೆ ಈ ಮಾಹಿತಿ ಬೇಕಾಗಬಹುದು. ದಾಖಲೆ ತಪಾಸಣೆ ಮಾಡುವ ಅಧಿಕಾರ ಪೊಲೀಸರಿಗಿದೆ. ‘ವಿಚಾರಣೆಗೆ ಕರೆದಿದ್ದೇವೆ’ ಎಂದು ಹೇಳಿ ಎರಡು ಮೂರು ದಿನ ಠಾಣೆಯಲ್ಲಿ ಕೂರಿಸಿಕೊಳ್ಳುವ ಅಧಿಕಾರ ಇಲ್ಲ.

ಸಂವಿಧಾನದ 22ನೇ ವಿಧಿಯಂತೆ ಬಂಧಿತರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಶತ್ರುದೇಶದವರು ಮತ್ತು ಮುನ್ನೆಚ್ಚರಿಕೆ ಬಂಧನದ ಕಾಯ್ದೆಯಡಿ ಇರುವವರನ್ನು ಬಿಟ್ಟರೆ ಈ ರಕ್ಷಣೆ ವಿದೇಶಿಯರಿಗೂ ಇದೆ. ಆದರೆ ತಕರಾರು ಬರುವುದು ಎಣಿಕೆ ಯಾವಾಗ ಶುರುವಾಯಿತು ಎಂಬಲ್ಲಿ. ರಾತ್ರಿ 11:40ಕ್ಕೆ ಜೀಪಿನಲ್ಲಿ ಕರೆದೊಯ್ದವರನ್ನು ಮರುದಿನ ಸಂಜೆ 6ಕ್ಕೆ ಬಂಧಿಸಲಾಯಿತೆಂದು ಬರೆದರೆ 18 ಗಂಟೆ 20 ನಿಮಿಷ ಕಾಗದದಿಂದಲೇ ಮಾಯವಾಗುತ್ತದೆ. ಅಧಿಕಾರಿ ಬರೆದ ಸಮಯದಿಂದಲ್ಲ, ವ್ಯಕ್ತಿಯ ಓಡಾಟವನ್ನು ತಡೆದ ಕ್ಷಣದಿಂದಲೇ ಬಂಧನ ಆರಂಭವಾಗುತ್ತದೆಂದು ಬಾಂಬೆ ಹೈಕೋರ್ಟ್ 1990ರ ಕಸ್ಟಮ್ಸ್ ಪ್ರಕರಣವೊಂದರಲ್ಲಿ ಹೇಳಿದೆ.

ಆದ್ದರಿಂದ ಮನೆಯವರು ಮೊದಲು ಮಾಡಬೇಕಾದ ಕೆಲಸ ಓಡಾಟವಲ್ಲ, ಬರವಣಿಗೆ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಕರೆದೊಯ್ದ ಹೊತ್ತು, ಸ್ಥಳ, ವಾಹನದ ನಂಬರು, ಸಮವಸ್ತ್ರದ ಮೇಲಿದ್ದ ಹೆಸರು ಮತ್ತು ಕಣ್ಣಾರೆ ಕಂಡ ನೆರೆಯವರ ಹೆಸರುಗಳನ್ನು ಬರೆದು, ಅದರ ಫೋಟೊವನ್ನು ಆಗಲೇ ಊರಿನ ಸಂಬಂಧಿಕರಿಗೆ ವಾಟ್ಸ್‌ಆ್ಯಪ್ ಮಾಡಿದರೆ ಆ ಹೊತ್ತಿಗೊಂದು ದಾಖಲೆ ಉಳಿಯುತ್ತದೆ. ಠಾಣೆಯ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದ್ದರೂ ಅದನ್ನೇ ನಂಬಿ ಕೂರಬಾರದು; ಆ ದಿನದ ದೃಶ್ಯಗಳನ್ನು ಅಳಿಸದಂತೆ ಠಾಣಾಧಿಕಾರಿಗೂ ಅವರ ಮೇಲಧಿಕಾರಿಗೂ ಮರುದಿನವೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಬೇಕು. ಬಂಧಿತರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಆಧಾರ್, ಪ್ಯಾನ್, ಮತದಾರರ ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಪೌರತ್ವ ಸಾಬೀತಾಗದೆಂದು ಬಾಂಬೆ ಹೈಕೋರ್ಟ್ 2025ರ ಆಗಸ್ಟಿನಲ್ಲಿ ಹೇಳಿದೆ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಂದು ಬಂದ ಹೊಸ ಕಾಯ್ದೆಯಲ್ಲೂ ತಾನು ವಿದೇಶಿಯಲ್ಲವೆಂದು ತೋರಿಸುವ ಹೊಣೆ ಆ ವ್ಯಕ್ತಿಯದೇ. ಊರಿನಿಂದ ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ ಪುಸ್ತಕದ ನಕಲು, 1987ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರಾದರೆ ತಂದೆತಾಯಿಯ ದಾಖಲೆಗಳನ್ನೂ ತರಿಸಿಕೊಳ್ಳಬೇಕು. ಗ್ರಾಮ ಪಂಚಾಯಿತಿಯ ಪತ್ರ ಪೌರತ್ವಕ್ಕೆ ಪುರಾವೆಯಲ್ಲ, ಆದರೂ ಠಾಣೆಯ ಮೇಜಿನ ಮೇಲೆ ಅದಕ್ಕೊಂದು ತೂಕವಿದೆ.

ಬಿಡದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಹಾಕಬೇಕು. ಮುಂಬೈ, ಪುಣೆಯವರು ಮುಂಬೈ ಪೀಠಕ್ಕೆ, ಗೋವಾದವರು ಪರ್ವರಿಯ ಪೀಠಕ್ಕೆ ಹೋಗಬೇಕು. ಬಂಧುಗಳಾಗಲಿ, ಸ್ನೇಹಿತರಾಗಲಿ ಅರ್ಜಿದಾರರಾಗಬಹುದು. ನನ್ನ ಅಭಿಪ್ರಾಯದಲ್ಲಿ ಪರಿಹಾರದ ಬೇಡಿಕೆಯನ್ನು ಅದೇ ಅರ್ಜಿಯಲ್ಲಿ ಸೇರಿಸಲೇಬೇಕು, ಏಕೆಂದರೆ ವಿಚಾರಣೆಯ ಹಿಂದಿನ ರಾತ್ರಿ ಬಿಟ್ಟು ಕಳಿಸಿ, ‘ಇನ್ನು ಅರ್ಜಿಯಲ್ಲಿ ಉಳಿದಿರುವುದೇನು?’ ಎಂದು ಸರ್ಕಾರಿ ವಕೀಲರು ಕೇಳುವುದುಂಟು. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿದ್ದ ರುದುಲ್ ಸಾಹನಿಗೆ 1983ರಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ್ದು ಕೇವಲ 35,000 ರೂಪಾಯಿ. 1985ರಲ್ಲಿ ಅಕ್ರಮ ಬಂಧನಕ್ಕೊಳಗಾದ ಶಾಸಕ ಭೀಮ್ ಸಿಂಗ್ ಅವರಿಗೆ 50,000. ಹೌರಾದ ರೈಲ್ವೆ ವಸತಿಗೃಹದಲ್ಲಿ ಅತ್ಯಾಚಾರಕ್ಕೊಳಗಾದ ಬಾಂಗ್ಲಾದೇಶದ ಮಹಿಳೆಗೆ 10 ಲಕ್ಷ ಕೊಡಬೇಕೆಂಬ ಆದೇಶವನ್ನು ಅದೇ ನ್ಯಾಯಾಲಯ 2000ದಲ್ಲಿ ಎತ್ತಿಹಿಡಿದಿದ್ದರಿಂದ, ವಿದೇಶಿಯೆಂಬ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ. ಹೋದ ಕೂಲಿಯನ್ನು ತೋರಿಸಲು ಮೇಸ್ತ್ರಿಯ ಹಾಜರಿ ಪುಸ್ತಕದ ಫೋಟೊ ನೆರವಾಗುತ್ತದೆ. ಪೆಟ್ಟು ಬಿದ್ದಿದ್ದರೆ ಬಿಡುಗಡೆಯ ದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು.

ಸಿವಿಲ್ ದಾವೆಗೆ ಬಂಧನ ಮುಗಿದ ದಿನದಿಂದ ಒಂದು ವರ್ಷದ ಗಡುವು; ಅದಕ್ಕೂ ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಕೊಡಬೇಕು. ಮಾನವ ಹಕ್ಕುಗಳ ಆಯೋಗವೂ ಒಂದು ವರ್ಷ ದಾಟಿದ ದೂರನ್ನು ವಿಚಾರಿಸುವಂತಿಲ್ಲ. ಹಾಗಾಗಿ ಬಿಡುಗಡೆಯ ದಿನ ಮತ್ತು ಹೊತ್ತನ್ನು ಆ ನೋಟ್‌ಬುಕ್ಕಿನ ಹಾಳೆಯಲ್ಲೇ, ಕರೆದೊಯ್ದ ಹೊತ್ತಿನ ಕೆಳಗೆ ಬರೆದಿಡಿ.