ನಮ್ಮ ಹೋಟೆಲ್ ಮತ್ತು ವಾಪಸ್ ಬಾರದ ತೆರಿಗೆ

ಫೆಬ್ರವರಿ 1 ಬಂತು ಅಂದರೆ ನಮ್ಮಲ್ಲಿ ಕಾಫಿಗೆ ಬರುವವರೆಲ್ಲ ಕೇಳುವುದು ಒಂದೇ. "ಏನ್ ಸಾರ್, ಬಜೆಟ್‌ನಲ್ಲಿ ಹೋಟೆಲ್‌ನವರಿಗೆ ಏನು ಬಂತು? ದೋಸೆ ರೇಟ್ ಇಳಿಯುತ್ತಾ?" ಮೊದಲು ನಾನೂ ಗಲ್ಲಾದಲ್ಲಿ ಕೂತು ಬಜೆಟ್ ಭಾಷಣ ಪೂರ್ತಿ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ದೋಸೆ ಮೇಲೆ ತೆರಿಗೆ ಎಷ್ಟು ಅನ್ನೋದು 2017ರಿಂದ ತೀರ್ಮಾನವಾಗುವುದು ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ. ಆ ಸಭೆ ವರ್ಷದಲ್ಲಿ ಯಾವಾಗ ಬೇಕಾದರೂ ಸೇರಬಹುದು.

ಹಾಸನದಲ್ಲಿ ನಮ್ಮದು 60 ಸೀಟಿನ ತಿಂಡಿ ಹೋಟೆಲ್. ಕುಂದಾಪುರ ಕಡೆಯಿಂದ ಬಂದ ಅಪ್ಪ ಶುರು ಮಾಡಿದ್ದು. ತಿಂಗಳಿಗೆ ಸುಮಾರು 14 ಲಕ್ಷ ವ್ಯಾಪಾರ. ಅಂದರೆ ಒಟ್ಟು ವ್ಯಾಪಾರದ ಮೇಲೆ ಒಂದೇ ದರದಲ್ಲಿ ತೆರಿಗೆ ಕಟ್ಟೋಕೆ ಚಿಕ್ಕವರಿಗೆ ಇರುವ ಕಾಂಪೋಸಿಷನ್ ಸ್ಕೀಮಿನ ವರ್ಷಕ್ಕೆ ಒಂದೂವರೆ ಕೋಟಿ ಮಿತಿ ನಮಗೆ ಸಾಲದು.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟೆಲ್‌ಗೆ ಶೇ. 12, ಎಸಿ ಇದ್ದರೆ ಶೇ. 18. ಬಿಲ್ ನೋಡಿ ಗಿರಾಕಿಗಳು ಗಲ್ಲಾ ಹತ್ತಿರ ಜಗಳಕ್ಕೇ ಬಂದರು. ಆದರೆ ಆಗ ಒಂದು ಅನುಕೂಲ ಇತ್ತು. ಗ್ಯಾಸ್, ಪಾತ್ರೆ, ಮೆಷಿನ್‌ಗೆ ನಾವು ಕೊಟ್ಟ ತೆರಿಗೆಯನ್ನು ನಮ್ಮ ಲೆಕ್ಕದಲ್ಲಿ ಕಳೆಯಬಹುದಿತ್ತು. ಅದೇ ಇನ್‌ಪುಟ್ ಕ್ರೆಡಿಟ್. ನವೆಂಬರ್ 15ರಿಂದ ತೆರಿಗೆ ಶೇ. 5ಕ್ಕೆ ಇಳಿಯಿತು, ಜೊತೆಗೆ ಈ ಕ್ರೆಡಿಟ್ಟೂ ಹೋಯಿತು. ಊರೆಲ್ಲ ಹೋಟೆಲ್ ಊಟ ಅಗ್ಗ ಆಯ್ತು ಅಂದುಕೊಂಡಿತು. ನಾನೂ ಖುಷಿಯಿಂದ ಬೋರ್ಡಿನಲ್ಲಿ ರೇಟ್ ಇಳಿಸಿದೆ. ಗ್ಯಾಸ್, ಪಾತ್ರೆಗೆ ಕೊಟ್ಟ ತೆರಿಗೆ ಕಳೆಯುವಂತಿಲ್ಲ, ಎರಡೇ ತಿಂಗಳಲ್ಲಿ ಕೈ ಖಾಲಿ.

ಆಗ ಇನ್ನೊಂದು ತಪ್ಪೂ ಮಾಡಿದೆ. ಗಿರಾಕಿ ಕೊಟ್ಟ ತೆರಿಗೆ ದುಡ್ಡು ಗಲ್ಲಾದಲ್ಲೇ ಇರುತ್ತಿತ್ತು. ಹುಡುಗರ ಸಂಬಳಕ್ಕೆ ಅದನ್ನೇ ತೆಗೆದೆ. ರಿಟರ್ನ್ ಕಟ್ಟುವ ದಿನ ದುಡ್ಡಿಲ್ಲ. ತಡವಾದರೆ ವರ್ಷಕ್ಕೆ ಶೇ. 18 ಬಡ್ಡಿ. ಆವತ್ತಿನಿಂದ ಬೇರೆ ಬ್ಯಾಂಕ್ ಖಾತೆ ಮಾಡಿದ್ದೇನೆ. ರಾತ್ರಿ ಷಟರ್ ಎಳೆಯುವ ಮುಂಚೆ ಆ ದಿನದ ವ್ಯಾಪಾರವನ್ನು 105ರಿಂದ ಭಾಗಿಸಿ 5ರಿಂದ ಗುಣಿಸುತ್ತೇನೆ. 46,000 ವ್ಯಾಪಾರ ಆದರೆ 2,190 ರೂಪಾಯಿ ಆ ಖಾತೆಗೆ. ಅದು ನನ್ನ ದುಡ್ಡಲ್ಲ.

ಭಾಗಿಸುವುದು ಯಾಕೆ ಅಂದರೆ, ನಮ್ಮ ಬೋರ್ಡಿನ ರೇಟಿನಲ್ಲೇ ತೆರಿಗೆ ಸೇರಿದೆ. ದೋಸೆ 60 ಅಂದರೆ 60. ಅದರಲ್ಲಿ 2 ರೂಪಾಯಿ 86 ಪೈಸೆ ಸರ್ಕಾರದ್ದು. 63 ಅಂತ ಬಿಲ್ ಮಾಡಿದರೆ ಬೆಳಗ್ಗೆ ಎಂಟು ಗಂಟೆಯ ರಶ್‌ನಲ್ಲಿ ಚಿಲ್ಲರೆ ಎಲ್ಲಿಂದ ತರೋದು?

ಈ ಶೇ. 5 ಎಲ್ಲರ ಕಣ್ಣಿಗೂ ಕಾಣುತ್ತದೆ. ಹೋಟೆಲಿನವರನ್ನು ಸುಸ್ತು ಮಾಡುವುದು ಅಡುಗೆಮನೆಯಲ್ಲೇ ಉಳಿಯುವ ತೆರಿಗೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಪುಟದಲ್ಲೇ ಗ್ಯಾಸ್. 19 ಕೆಜಿ ಸಿಲಿಂಡರ್‌ಗೆ ಶೇ. 18 ಜಿಎಸ್‌ಟಿ, ಮನೆ ಸಿಲಿಂಡರ್‌ಗೆ ಶೇ. 5. ಸಿಲಿಂಡರ್ ಬಿಲ್ 1,770 ಆದರೆ ಅದರಲ್ಲಿ 270 ತೆರಿಗೆ. ನಮಗೆ ದಿನಕ್ಕೆ ಎರಡು ಬೇಕು. ತಿಂಗಳಿಗೆ 16,200 ಹೋಯ್ತು, ವಾಪಸ್ ಬರಲ್ಲ.

ಎರಡನೇ ಪುಟ ಬಾಡಿಗೆ. ನಮ್ಮ ಕಟ್ಟಡದ ಮಾಲೀಕರು ನಿವೃತ್ತ ಮೇಷ್ಟ್ರು, ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ಬಾಡಿಗೆ 80,000. 2024ರ ಅಕ್ಟೋಬರ್ 10ರಿಂದ ನಿಯಮ ಬದಲಾಯಿತು. ಅಂಗಡಿ, ಹೋಟೆಲ್ ಜಾಗದ ಮಾಲೀಕರಿಗೆ ನೋಂದಣಿ ಇಲ್ಲದಿದ್ದರೆ ನಮ್ಮಂಥ ನೋಂದಣಿ ಇರುವ ಬಾಡಿಗೆದಾರನೇ ಶೇ. 18 ಕಟ್ಟಬೇಕು. ಆಡಿಟರ್ ಫೋನ್ ಮಾಡಿ ಹೇಳಿದಾಗ ನಾನು ಎರಡು ಸಲ ಕೇಳಿದೆ. ತಿಂಗಳಿಗೆ 14,400 ಹೊಸ ಖರ್ಚು, ನೂರು ರೂಪಾಯಿ ವ್ಯಾಪಾರಕ್ಕೆ ಒಂದು ರೂಪಾಯಿ ಚಿಲ್ಲರೆ. ನೋಟ್‌ಬುಕ್ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದರು. "ಬಾಡಿಗೆ ಇಳಿಸೋಕ್ಕಾಗಲ್ಲಪ್ಪ, ಈ ವರ್ಷ ಏರಿಸಲ್ಲ" ಅಂದರು. ಅಷ್ಟೇ ಸಾಕಾಯಿತು.

ರಾಜ್ಯ ಸರ್ಕಾರದ ಏಟು ಬೇರೆ ತರಹ. 2025ರ ಏಪ್ರಿಲ್ 1, ಒಂದೇ ದಿನ ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಏರಿತು, ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 18.44ರಿಂದ 21.17 ಆಯಿತು. ನಮಗೆ ದಿನಕ್ಕೆ 60 ಲೀಟರ್ ಹಾಲು ಬೇಕು. ತಿಂಗಳಿಗೆ 7,200 ಜಾಸ್ತಿ. ಹಾಲಿನ ದುಡ್ಡು ಹೈನುಗಾರರಿಗೆ ಹೋಗುತ್ತದೆ ಅಂದರೆ ನನಗೆ ಬೇಸರ ಇಲ್ಲ, ಅವರೂ ನಮ್ಮ ಗಿರಾಕಿಗಳೇ. ಕಾಫಿ ಪುಡಿಯೂ ದುಬಾರಿ ಆಗಿತ್ತು. ಕಾಫಿ 15ರಿಂದ 20 ಮಾಡಿದೆ. ಇಡ್ಲಿ ಮುಟ್ಟಲಿಲ್ಲ. ಎಲ್ಲ ರೇಟನ್ನೂ ಒಟ್ಟಿಗೆ ಏರಿಸಿದರೆ ಜನ ಎದ್ದು ಹೋಗುತ್ತಾರೆ. ಯಾವ ಪದಾರ್ಥಕ್ಕೆ ಏಟು ಬಿತ್ತೋ ಅದನ್ನಷ್ಟೇ ಏರಿಸಬೇಕು.

ಒಳ್ಳೆಯದೂ ಆಗಿದೆ, ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ ಮೇಲೆ ಶೇ. 12 ಇದ್ದದ್ದು 5 ಆಯಿತು. ಕ್ರೆಡಿಟ್ ಇಲ್ಲದ ನಮಗೆ ಅದು ನೇರ ಉಳಿತಾಯ. ಚಿಕ್ಕಮಗಳೂರಿನಲ್ಲಿ ಭಾವನ ಲಾಡ್ಜ್ ಇದೆ. ಅವರ 900 ರೂಪಾಯಿ ರೂಮಿಗೆ 2022ರ ಜುಲೈವರೆಗೆ ತೆರಿಗೆಯೇ ಇರಲಿಲ್ಲ, ಆಮೇಲೆ 108 ರೂಪಾಯಿ, ಈಗ 45. ಆದರೆ ಈಗ ಅವರಿಗೂ ಕ್ರೆಡಿಟ್ ಇಲ್ಲ. "ನೀನೂ ಒಂದು ನೋಟ್‌ಬುಕ್ ಇಡು ಭಾವ" ಅಂದಿದ್ದೇನೆ. ನನ್ನ ಕೇಳಿದರೆ, ಕಡಿಮೆ ತೆರಿಗೆ ಬೇಕೋ ಕ್ರೆಡಿಟ್ ಬೇಕೋ ಅಂತ ಆರಿಸಿಕೊಳ್ಳುವ ಅವಕಾಶ ಹೋಟೆಲಿನವರಿಗೇ ಕೊಡಬೇಕು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ, ನಮ್ಮ ಬೀದಿಯಲ್ಲಿ ಮೆಸ್ ನಡೆಸುವ ಅಕ್ಕ ಹೆದರಿ ಕ್ಯೂಆರ್ ಕೋಡ್ ಕಿತ್ತು ಹಾಕಿದರು. ನೋಟಿಸ್ ಅವರಿಗೆ ಬಂದಿರಲಿಲ್ಲ. ಮಧ್ಯಾಹ್ನ ಊಟದ ರಶ್ ಮುಗಿದ ಮೇಲೆ ಅವರ ಜೊತೆ ಕೂತೆ. ದಿನಕ್ಕೆ 8,000 ವ್ಯಾಪಾರ, ವರ್ಷಕ್ಕೆ 300 ದಿನ, ಒಟ್ಟು 24 ಲಕ್ಷ. ಜಿಎಸ್‌ಟಿ ನೋಂದಣಿ ಇಲ್ಲದೆ ಮೆಸ್ ನಡೆಸೋಕೆ ಮಿತಿ 20 ಲಕ್ಷ. "ಅಕ್ಕ, ಕ್ಯಾಶ್ ತಗೊಂಡರೂ ಲೆಕ್ಕ ಲೆಕ್ಕವೇ" ಅಂದೆ. ಕಾಂಪೋಸಿಷನ್‌ನಲ್ಲಿ ಶೇ. 5 ಅಂದರೆ ವರ್ಷಕ್ಕೆ 1,20,000, ಮೂರು ತಿಂಗಳಿಗೊಮ್ಮೆ 30,000. 70 ರೂಪಾಯಿ ಊಟಕ್ಕೆ 3 ರೂಪಾಯಿ 50 ಪೈಸೆ. ಅವರು ಬೆರಳಲ್ಲಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಮುಂದಿನ ವಾರ ನೋಂದಣಿಗೆ ಅರ್ಜಿ ಹಾಕಿದೆವು. ಈಗ ಅವರ ಊಟ 75 ರೂಪಾಯಿ, ಕ್ಯೂಆರ್ ಕೋಡ್ ಮತ್ತೆ ಗೋಡೆ ಮೇಲಿದೆ.