ಕೂಗಳತೆಯೊಳಗಿನ ಟೆಂಟು: 11 ತಿಂಗಳ ಮಗಳೊಂದಿಗೆ ಹೊರಗೆ ಮಲಗಿದ ನನ್ನ ಅನುಭವ

ನಮ್ಮ ಮಗಳಿಗೆ ಒಂಬತ್ತು ತಿಂಗಳು ತುಂಬಿದ ನವೆಂಬರಿನಲ್ಲಿ, ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕಿಸಿಕೊಂಡು ಮಡಿಕೇರಿಯ ಮನೆಗೆ ಹಿಂತಿರುಗುತ್ತಿದ್ದಾಗ, ಮಳೆಗಾಲ ಬರುವುದರೊಳಗೆ ಅವಳನ್ನು ಒಂದು ರಾತ್ರಿಯಾದರೂ ಟೆಂಟಿನಲ್ಲಿ ಮಲಗಿಸಬೇಕು ಎಂದು ನನ್ನ ಪತಿ ಹೇಳಿದರು. ಅವರ ಮನಸ್ಸಿನಲ್ಲಿದ್ದುದು ಕಕ್ಕಬ್ಬೆಯ ಕಡೆಯ ತಡಿಯಂಡಮೋಳ್ ಬೆಟ್ಟದ ತಪ್ಪಲು. 1,748 ಮೀಟರ್ ಎತ್ತರದ ಆ ಬೆಟ್ಟವನ್ನು ಮದುವೆಯಾದ ವರ್ಷ ನಾವಿಬ್ಬರೂ ಒಟ್ಟಿಗೆ ಹತ್ತಿದ್ದೆವು. ನಾನು ಕಾರಿನಿಂದ ಇಳಿಯುವ ಮೊದಲೇ ಬೇಡ ಎಂದುಬಿಟ್ಟೆ. ಜುಲೈ ತಿಂಗಳ ಮಳೆಯಲ್ಲಿ ಮಗುವಿನ ನೆಗಡಿ ಎದೆಗಿಳಿದು, ಉಸಿರಾಟಕ್ಕೆ ತೊಂದರೆಯಾಗಿ, ಮೂರು ದಿನ ಆಸ್ಪತ್ರೆಯಲ್ಲಿ ಅವಳ ಪಕ್ಕ ಕುಳಿತು ಪ್ರತಿ ಉಸಿರನ್ನೂ ಎಣಿಸಿದ್ದೆ. ಆ ಎಣಿಕೆ ನನ್ನೊಳಗೆ ಇನ್ನೂ ನಿಂತಿರಲಿಲ್ಲ.

ಮುಂದಿನ ಮೂರು ವಾರ ನಮ್ಮ ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಒಬ್ಬರು ಎದ್ದು ಹೋಗುತ್ತಿದ್ದೆವು. ನಾನು ಚಳಿ ಎಂದರೆ ಅವರು ಬಟ್ಟೆ ಎನ್ನುತ್ತಿದ್ದರು. ನಾನು ಆನೆ ಎಂದರೆ ಅವರು ಕೊಡಗಿನಲ್ಲಿ ಹುಟ್ಟಿದ ಮಗು ಆನೆಗೆ ಹೆದರಿ ಎಷ್ಟು ದಿನ ಒಳಗಿರಬೇಕು ಎಂದು ಕೇಳುತ್ತಿದ್ದರು. ನಾನು ಅರಕಲಗೂಡಿನಲ್ಲಿರುವ ನನ್ನ ಅಮ್ಮನಿಗೆ ಫೋನು ಮಾಡಿ ನನ್ನ ಮಾತಿಗೆ ಬೆಂಬಲ ಪಡೆದೆ. ನನ್ನ ಪತಿ ತಮ್ಮ ಚಾರಣದ ಗೆಳೆಯರಿಂದ ಬೆಂಬಲ ಪಡೆದರು. ಹೀಗೆ ಎರಡೂ ಕಡೆ ಜನ ಸೇರಿಸಿದ್ದು ನಾವು ಮಾಡಿದ ದೊಡ್ಡ ತಪ್ಪು. ಆ ನಂತರ ಇಬ್ಬರಿಗೂ ಮಗುವಿಗಿಂತ ಮಾತು ಉಳಿಸಿಕೊಳ್ಳುವುದೇ ಮುಖ್ಯವಾಯಿತು.

ದಾರಿ ತೋರಿಸಿದವರು ನನ್ನ ಅತ್ತೆ. ಸುಂಟಿಕೊಪ್ಪದ ಹತ್ತಿರ ಭಾವನವರ ಕಾಫಿ ತೋಟದಲ್ಲಿ ಅವರಿದ್ದಾರೆ. ಡಿಸೆಂಬರಿನ ಒಂದು ಭಾನುವಾರ ನಮ್ಮ ಮುಖಗಳನ್ನು ನೋಡಿಯೇ ಸಂಗತಿ ಕೇಳಿ ತಿಳಿದುಕೊಂಡ ಅವರು, "ನಿನ್ನ ಗಂಡನನ್ನು ಕಣದ ಪಕ್ಕ ಜೋಲಿಯಲ್ಲಿ ಮಲಗಿಸಿ ನಾನೂ ನಿನ್ನ ಮಾವನೂ ರಾತ್ರಿ ಕಾಫಿ ಕಾದಿದ್ದೇವೆ ಮಗಳೇ. ಆದರೆ ಮನೆ ಕೂಗಳತೆಯಲ್ಲಿತ್ತು. ಕೂಗಿದರೆ ಕೇಳಿಸದ ಕಡೆ ಹಸುಗೂಸನ್ನು ಯಾರೂ ಒಯ್ಯುತ್ತಿರಲಿಲ್ಲ" ಎಂದರು. ಅವರು ಯಾರ ಪಕ್ಷವನ್ನೂ ವಹಿಸಲಿಲ್ಲ. ಹೋಗಬೇಕೋ ಬೇಡವೋ ಎಂದು ಹಗ್ಗ ಜಗ್ಗುತ್ತಿದ್ದ ನಮಗೆ ಎಷ್ಟು ದೂರ ಎಂಬ ಅಳತೆಯೊಂದು ಸಿಕ್ಕಿತು.

ಅಂದು ರಾತ್ರಿ ಒಂದು ನೋಟು ಪುಸ್ತಕದ ಹಾಳೆಯನ್ನು ಎರಡು ಭಾಗ ಮಾಡಿ, ಒಬ್ಬರದನ್ನು ಇನ್ನೊಬ್ಬರು ನೋಡದಂತೆ, ನಾನು ನನ್ನ ಭಯಗಳನ್ನೂ ಅವರು ತಮ್ಮ ಆಸೆಗಳನ್ನೂ ಬರೆದೆವು. ನನ್ನ ಭಾಗದಲ್ಲಿ ಚಳಿ, ಉಸಿರಾಟ, ಆನೆ, ಉಣುಗು, ನೀರು, ಆಸ್ಪತ್ರೆಯ ದೂರ ಎಂದು ಆರು ಸಾಲುಗಳಿದ್ದವು. ಅವರ ಭಾಗದಲ್ಲಿ ಎರಡೇ ಸಾಲು. ಮಗಳು ಕತ್ತಲೆಯನ್ನೂ ಮರದ ಸದ್ದನ್ನೂ ಚಿಕ್ಕಂದಿನಿಂದಲೇ ತನ್ನದೆಂದು ತಿಳಿಯಬೇಕು ಎಂಬುದು ಒಂದು. ನಾವಿಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ಈಗ ಒಂದೂ ಉಳಿದಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಅವರು ಬಾಯಿಬಿಟ್ಟು ಎಂದೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಆ ಎರಡು ಸಾಲುಗಳಲ್ಲಿ ತಡಿಯಂಡಮೋಳ್ ಎಂಬ ಹೆಸರೇ ಇರಲಿಲ್ಲವೆಂಬುದನ್ನು ನಾನು ತೋರಿಸಿದಾಗ ಅವರೂ ಸ್ವಲ್ಪ ಹೊತ್ತು ಸುಮ್ಮನಾದರು. ಮೀಸಲು ಅರಣ್ಯದಲ್ಲಾಗಲಿ ವನ್ಯಜೀವಿ ಧಾಮದಲ್ಲಾಗಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ ಎಂಬುದು ಹೇಗೂ ಇತ್ತು. ಭಾವನವರ ಮನೆಯ ಮುಂದಿನ, ಕಣಕ್ಕೆ ಅಂಟಿಕೊಂಡ ಹುಲ್ಲಿನ ಅಂಗಳವೇ ನಮ್ಮ ಜಾಗವೆಂದು ತೀರ್ಮಾನವಾಯಿತು. ಅಲ್ಲಿಂದ ಮನೆಯ ಜಗಲಿಗೆ ಅರವತ್ತು ಹೆಜ್ಜೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ರಾತ್ರಿಯಾದರೂ ಅರ್ಧ ಗಂಟೆಯ ದಾರಿ.

ನಾನು ಒಂದೇ ಒಂದು ಷರತ್ತು ಹಾಕಿದೆ, ಮತ್ತು ಇದನ್ನೇ ಬೇರೆ ತಂದೆತಾಯಿಯರಿಗೂ ಒತ್ತಿ ಹೇಳುತ್ತೇನೆ. ಒಲ್ಲದ ಮನಸ್ಸಿನಿಂದ ಬಂದವರು ಯಾವ ಹೊತ್ತಿನಲ್ಲಾದರೂ, ಕಾರಣ ಹೇಳದೆ, ಒಳಗೆ ಹೋಗೋಣ ಎನ್ನಬಹುದು. ಇನ್ನೊಬ್ಬರು ಆ ಕ್ಷಣವೇ ಏಳಬೇಕು, ಮತ್ತು ಮರುದಿನ ಸಂಜೆಯವರೆಗೆ ಅದರ ಬಗ್ಗೆ ಮಾತನಾಡಬಾರದು. ಅವರು ಒಪ್ಪಿದರು.

ಕಾಲವನ್ನು ಆರಿಸುವಾಗ ಜನವರಿಯ ಎರಡನೆಯ ವಾರ ಇಬ್ಬರಿಗೂ ಸರಿಯೆನಿಸಿತು. ಮಳೆ ನಿಂತು ನೆಲ ಒಣಗಿದ್ದರಿಂದ ಜಿಗಣೆಯ ಕಾಟವಿರಲಿಲ್ಲ. ಹಲಸು ಹಣ್ಣಾಗುವ ತಿಂಗಳುಗಳಲ್ಲೂ ಗದ್ದೆಯಲ್ಲಿ ಭತ್ತ ತೆನೆಯಾದಾಗಲೂ ಆನೆಗಳು ತೋಟಗಳಿಗೆ ಹೆಚ್ಚಾಗಿ ಇಳಿಯುತ್ತವೆ. ಆ ಎರಡೂ ಹೊತ್ತು ಅದಲ್ಲ. ಆದರೂ ಲೆಕ್ಕಾಚಾರವನ್ನೇ ನಂಬಿ ಕೂರದೆ, ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರನ್ನೂ ಲೈನ್ ಮನೆಗಳಲ್ಲಿರುವ ಕಾರ್ಮಿಕರನ್ನೂ ವಾರದ ಹಿಂದಿನಿಂದಲೇ ದಿನವೂ ವಿಚಾರಿಸಿದೆವು. ಲದ್ದಿ, ಮುರಿದ ಬೈನೆ ಮರ, ಬೇಲಿಯ ಮೇಲಿನ ಗುರುತು ಇವುಗಳನ್ನು ಮೊದಲು ಕಾಣುವವರು ಅವರೇ. ಅಂಗಳದಲ್ಲಿ ಬಾಳೆಗೊನೆಯನ್ನಾಗಲಿ ಬೇರೆ ತಿನ್ನುವ ವಸ್ತುವನ್ನಾಗಲಿ ಇಡಲಿಲ್ಲ. ಸಿಲ್ವರ್ ಓಕ್ ಮರದ ಕೆಳಗೆ ನೆರಳು ಚೆನ್ನಾಗಿದ್ದರೂ ಒಣಕೊಂಬೆ ಬೀಳುವ ಭಯದಿಂದ ಟೆಂಟನ್ನು ಬಯಲಿಗೇ ಹಾಕಿದೆವು. ಗೊಬ್ಬರ, ಮೈಲುತುತ್ತ ಮತ್ತು ಔಷಧಿಯ ಡಬ್ಬಗಳನ್ನು ಇಡುವ ಕೊಠಡಿಯಿಂದಲೂ ದೂರವಿದ್ದೆವು.

ಇದಕ್ಕೂ ಮೊದಲು, ಮಡಿಕೇರಿಯ ಮನೆಯ ನಡುಮನೆಯಲ್ಲೇ ಟೆಂಟು ಕಟ್ಟಿ ಹತ್ತು ದಿನ ಮಧ್ಯಾಹ್ನದ ನಿದ್ದೆಯನ್ನು ಅದರೊಳಗೆ ಮಾಡಿಸಿದೆ. ಮೊದಲ ದಿನ ಜಿಪ್ ಎಳೆದ ಸದ್ದಿಗೆ ಅವಳು ಬೆಚ್ಚಿ ಅತ್ತಳು. ನಾಲ್ಕನೆಯ ದಿನ ಆ ಜಿಪ್ ಹಿಡಿದು ತಾನೇ ಎಳೆಯತೊಡಗಿದಳು. ಈ ಹತ್ತು ದಿನಗಳಿಂದ ಮಗುವಿಗಿಂತ ನನಗೇ ಹೆಚ್ಚು ಉಪಕಾರವಾಯಿತು.

ಮಲಗಿಸುವ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧಳಿರಲಿಲ್ಲ. ಗಾಳಿ ತುಂಬುವ ಹಾಸಿಗೆ ಕೂಸುಗಳಿಗೆ ತಕ್ಕದ್ದಲ್ಲ. ಅದು ಮೈಭಾರಕ್ಕೆ ಕುಗ್ಗಿ ಮೂಗುಬಾಯಿಗೆ ಒತ್ತಬಹುದು. ಆದ್ದರಿಂದ ಅವಳ ತೊಟ್ಟಿಲಿನ ಗಟ್ಟಿಯಾದ ತೆಳು ಹಾಸಿಗೆಯನ್ನೇ ತಂದು, ಕೆಳಗೆ ಟಾರ್ಪಾಲು ಮತ್ತು ಎರಡು ಮಡಿಕೆ ಜಮಖಾನ ಹಾಸಿ, ನಮ್ಮಿಬ್ಬರ ನಡುವೆ ಅಲ್ಲ, ನನ್ನ ಪಕ್ಕದಲ್ಲಿ ಬೇರೆಯಾಗಿ, ಬೆನ್ನಿನ ಮೇಲೆ ಮಲಗಿಸಿದೆ. ದಿಂಬು, ಸಡಿಲ ಕಂಬಳಿ, ಬೊಂಬೆ ಯಾವುದೂ ಇರಲಿಲ್ಲ. ಹೊದಿಕೆಯ ಬದಲು, ಹತ್ತಿಯ ಒಳಬಟ್ಟೆ, ಅದರ ಮೇಲೆ ಉದ್ದ ತೋಳಿನ ಉಣ್ಣೆಯ ಅಂಗಿ, ಅದರ ಮೇಲೆ ನಮ್ಮ ದರ್ಜಿಯಿಂದ ಹೊಲಿಸಿದ, ಕಾಲುಗಳನ್ನು ಒಳಗೊಳ್ಳುವ ತೋಳಿಲ್ಲದ ಚೀಲದಂಗಿ. ನಾವು ತೊಡುವುದಕ್ಕಿಂತ ಒಂದು ಪದರ ಹೆಚ್ಚು ಎಂಬುದೇ ಲೆಕ್ಕ. ಅಂಗೈ ತಣ್ಣಗಿದ್ದರೆ ಹೆದರಬೇಕಾಗಿಲ್ಲ, ಕತ್ತಿನ ಹಿಂಭಾಗವನ್ನೂ ಎದೆಯನ್ನೂ ಮುಟ್ಟಿ ನೋಡಿ, ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ ಎಂದು ಮಕ್ಕಳ ವೈದ್ಯರು ಹೇಳಿದ್ದರು. ದಾರ ಕಟ್ಟುವ ಕುಲಾವಿಯನ್ನು ನಿದ್ದೆಯಲ್ಲಿ ಹಾಕಬಾರದೆಂದೂ ಅವರೇ ಎಚ್ಚರಿಸಿದ್ದರು.

ಹಿರಿಯರ ಪ್ರೀತಿಗೆ ಇಲ್ಲ ಎನ್ನುವುದು ಇದಕ್ಕಿಂತ ಕಷ್ಟವಾಯಿತು. ಭಾವನವರು ಚಳಿಗೆಂದು ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಟೆಂಟಿನ ಬಾಗಿಲಿಗೆ ತಂದರು. ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆ ಹೋಗಬಹುದು. ಅದನ್ನು ವಿವರಿಸಿದಾಗ ಅವರು ಬೇಸರಿಸದೆ ಅಗ್ಗಿಷ್ಟಿಕೆಯನ್ನು ಜಗಲಿಗೆ ಒಯ್ದರು. ಭಾವನವರ ಹೆಂಡತಿ, ನಮ್ಮ ಅಕ್ಕ, ಕೆಮ್ಮು ಬಾರದಿರಲೆಂದು ಮಗುವಿನ ತುಟಿಗೆ ತೋಟದ ಜೇನು ಸವರಲು ಬಂದರು. ಕೊಡಗಿನಲ್ಲಿ ಜೇನು ಬೇಡವೆಂದರೆ ಮನೆಯವರ ಮನಸ್ಸಿಗೆ ನೋವಾಗುತ್ತದೆಂದು ನನಗೆ ಗೊತ್ತು. ಆದರೆ ಎಷ್ಟೇ ಶುದ್ಧವಾದ ಜೇನಿನಲ್ಲೂ ಬಾಟುಲಿಸಂ ಎಂಬ, ಸ್ನಾಯುಗಳನ್ನು ಸೋಲಿಸುವ ಕಾಯಿಲೆ ತರುವ ಸೂಕ್ಷ್ಮಾಣುವಿನ ಬೀಜಕಗಳು ಇರಬಹುದು. ಒಂದು ವರ್ಷದೊಳಗಿನ ಕೂಸಿನ ಕರುಳಿಗೆ ಅವನ್ನು ತಡೆಯುವ ಶಕ್ತಿ ಇರುವುದಿಲ್ಲ. ಎದೆಗೆ ಕರ್ಪೂರ ಬೆರೆಸಿದ ಎಣ್ಣೆ ಹಚ್ಚುವುದನ್ನೂ ಬಿಡಿಸಿದೆ. ಕರ್ಪೂರ ಹೊಟ್ಟೆಗೆ ಹೋದರೆ ಚಿಕ್ಕ ಮಕ್ಕಳಿಗೆ ಸೆಳೆತ ಬರಬಹುದು. ಈ ಮೂರೂ ಸಂದರ್ಭಗಳಲ್ಲಿ ನನ್ನ ಪತಿ ನನಗಿಂತ ಮೊದಲೇ ಮಾತನಾಡಿ, "ನಾವಿಬ್ಬರೂ ಯೋಚಿಸಿಯೇ ಬೇಡವೆಂದಿದ್ದೇವೆ" ಎಂದು ತಮ್ಮ ಮನೆಯವರಿಗೆ ತಾವೇ ಹೇಳಿದರು. ಆ ಮಾತಿನಿಂದ ನನ್ನ ಅರ್ಧ ಭಯ ಇಳಿಯಿತು.

ಊಟದ ವಿಷಯ ಸುಲಭ. ರಾಗಿ ಮಣ್ಣಿಯನ್ನು ಮನೆಯ ಒಲೆಯಲ್ಲೇ ಬಿಸಿಯಾಗಿ ಮಾಡಿ ಉಣ್ಣಿಸಿ, ಉಳಿದದ್ದನ್ನು ಮತ್ತೆ ಕೊಡಲಿಲ್ಲ. ಎದೆಹಾಲಂತೂ ಇದ್ದೇ ಇತ್ತು. ನೀರನ್ನು ಚೆನ್ನಾಗಿ ಮರಳಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಬೇಕೆನ್ನುತ್ತಾರೆ, ನಮ್ಮ ಜಿಲ್ಲೆಯ ಯಾವ ಬೆಟ್ಟವೂ ಅಷ್ಟು ಎತ್ತರವಿಲ್ಲ.

ಆ ರಾತ್ರಿ ಅವಳು ಎಂಟು ಗಂಟೆಗೆ ಮಲಗಿದಳು. ನಾವಿಬ್ಬರೂ ಟೆಂಟಿನ ಬಾಗಿಲ ಬಳಿ ಕುಳಿತು, ಬಹಳ ದಿನಗಳ ನಂತರ, ಮಗುವಿನದ್ದಲ್ಲದ ಮಾತುಗಳನ್ನಾಡಿದೆವು. ಕಣದಲ್ಲಿ ಟಾರ್ಪಾಲಿನ ಕೆಳಗೆ ಹಣ್ಣು ಕಾಫಿಯ ಹುಳಿವಾಸನೆ ಇತ್ತು. ಹನ್ನೆರಡರ ಹೊತ್ತಿಗೆ ಥರ್ಮಾಮೀಟರ್ 14 ಡಿಗ್ರಿ ತೋರಿಸುತ್ತಿತ್ತು. ಅವಳ ಕತ್ತು ಬೆಚ್ಚಗೇ ಇತ್ತು. ಒಂದೂವರೆಯ ನಂತರ ತೋಟದ ಕೆಳಗಿನಿಂದ ಕಾಡುಕುರಿಯೊಂದು ನಾಯಿಯಂತೆ ಬೊಗಳಿತು. ಮಗು ಎದ್ದು, ಹಾಲು ಕುಡಿಯದೆ, ಸಮಾಧಾನವಾಗದೆ ಅಳತೊಡಗಿತು. ಅಳುವಿನ ನಡುವೆ ಮೂಗು ಕಟ್ಟಿದ ಸದ್ದು ಕೇಳಿದ್ದೇ ನನಗೆ ಆಸ್ಪತ್ರೆಯ ಆ ಮೂರು ದಿನಗಳು ಕಣ್ಣೆದುರು ಬಂದವು. ಉಸಿರು ಎಣಿಸಿದೆ, ನಿಮಿಷಕ್ಕೆ 34 ಇತ್ತು, ಅವಳ ವಯಸ್ಸಿಗೆ ಸಹಜವೇ. ಅದು ಸಹಜವೆಂದು ತಿಳಿದೂ ನನ್ನ ಕೈ ನಡುಗುವುದು ನಿಲ್ಲಲಿಲ್ಲ. "ಒಳಗೆ ಹೋಗೋಣ" ಎಂದೆ.

ಅವರು ಆಗಲೇ ಟಾರ್ಚು ಹಿಡಿದು ಎದ್ದಿದ್ದರು. ಇನ್ನು ಹತ್ತು ನಿಮಿಷ ನೋಡೋಣ ಎನ್ನಲಿಲ್ಲ, ಏಕೆ ಎನ್ನಲಿಲ್ಲ. ಅರವತ್ತು ಹೆಜ್ಜೆ ನಡೆದು ಎರಡು ಗಂಟೆಯ ಹೊತ್ತಿಗೆ ಅತ್ತೆಯ ಕೋಣೆಯ ಪಕ್ಕದ ಮಂಚದಲ್ಲಿದ್ದೆವು. ಮರುದಿನ ಸಂಜೆಯವರೆಗೂ ಅವರು ಮಾತು ಉಳಿಸಿಕೊಂಡರು. ಸಂಜೆ ಚಹಾ ಕುಡಿಯುವಾಗ ನಾನೇ ಮೊದಲು ಮಾತೆತ್ತಿ, ಇನ್ನೊಮ್ಮೆ ಪ್ರಯತ್ನಿಸೋಣ ಎಂದೆ. ಅವರು ಹತ್ತು ನಿಮಿಷ ತಡೆದಿದ್ದರೆ ಮಗು ಅಲ್ಲಿಯೇ ಮಲಗುತ್ತಿತ್ತೋ ಏನೋ. ಆದರೆ ನಾನು ಎರಡನೆಯ ಸಲ ಆ ಟೆಂಟಿನೊಳಗೆ ಕಾಲಿಡುತ್ತಿರಲಿಲ್ಲ.

ಎರಡನೆಯ ಸಲ ಮಾರ್ಚಿನಲ್ಲಿ, ಹೂಮಳೆ ಬಿದ್ದು ರೊಬಸ್ಟಾ ಕಾಫಿ ಹೂವಾಗಿದ್ದ ವಾರ. ಮಗಳಿಗೆ ಹದಿಮೂರು ತಿಂಗಳು. ಅವಳು ನಡೆಯುತ್ತಿದ್ದುದರಿಂದ ಎಚ್ಚರಿಕೆಯ ಪಟ್ಟಿಯೇ ಬೇರೆಯಾಗಿತ್ತು. ಕಣದಲ್ಲಿ ಉಳಿದ ಒಣಗಿದ ಕಾಫಿ ಕಾಯಿ ಗಂಟಲಿಗೆ ಸಿಕ್ಕುವಷ್ಟೇ ಗಾತ್ರದ್ದು, ಆದ್ದರಿಂದ ಕಣದ ಕಡೆಗೆ ಒಂದು ಬೆಂಚು ಅಡ್ಡವಿಟ್ಟೆವು, ಒಬ್ಬರು ಅವಳ ಹಿಂದೆಯೇ ಇದ್ದೆವು. ಹುಲ್ಲಿನಲ್ಲಿ ಆಡಿ ಬಂದಾಗಲೆಲ್ಲ ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದುಗಳಲ್ಲಿ ಉಣುಗು ಇದೆಯೇ ಎಂದು ನೋಡಿದೆ. ಒಂದು ಸಿಕ್ಕಿತು, ಇನ್ನೂ ಕಚ್ಚಿರಲಿಲ್ಲ. ಸೊಳ್ಳೆಗೆ ಪರದೆಯನ್ನೂ ಉದ್ದ ತೋಳಿನ ಬಟ್ಟೆಯನ್ನೂ ನೆಚ್ಚಿಕೊಂಡೆವು. ಗಿಡಮೂಲಿಕೆಯದ್ದೆಂದು ಮಾರುವ ನಿಂಬೆ ನೀಲಗಿರಿ ಎಣ್ಣೆಯ ಮುಲಾಮು ಮೂರು ವರ್ಷದೊಳಗಿನ ಮಕ್ಕಳಿಗೆ ಸಲ್ಲದು.

ಆ ರಾತ್ರಿ ಅವಳು ಎರಡು ಸಲ ಎದ್ದು ಎರಡು ಸಲವೂ ಹಾಲು ಕುಡಿದು ಮಲಗಿದಳು. ನಾನು ಒಳಗೆ ಹೋಗೋಣ ಎನ್ನಲಿಲ್ಲ. ಬೆಳಗಿನ ಆರು ಗಂಟೆಗೆ ಹೂವಿನ ವಾಸನೆ ಟೆಂಟಿನೊಳಗೂ ತುಂಬಿತ್ತು; ಅವಳು ಎದ್ದು ಕುಳಿತು, ಜಿಪ್ ಎಳೆದು, ಹೊರಗೆ ಇಬ್ಬನಿಯ ಹುಲ್ಲಿಗೆ ಅಂಗೈ ಒತ್ತಿ ನೋಡುತ್ತಿದ್ದಳು.

ಆ ಹಾಳೆ ಇನ್ನೂ ನಮ್ಮಲ್ಲಿದೆ. ಅದರ ಕೆಳಗೆ ಅವರು ಪೆನ್ಸಿಲಿನಿಂದ ತಡಿಯಂಡಮೋಳ್, ಹಗಲಿನಲ್ಲಿ ಮಾತ್ರ, ಮಗಳಿಗೆ ಐದು ವರ್ಷವಾದಾಗ ಎಂದು ಹೊಸದಾಗಿ ಬರೆದಿದ್ದಾರೆ. ಐದನ್ನು ಹೊಡೆದು ನಾನು ಆರು ಎಂದು ಬರೆದಿದ್ದೇನೆ. ಆ ಸಾಲಿನ ಬಗ್ಗೆ ನಮ್ಮ ಮಾತು ಇನ್ನೂ ಮುಗಿದಿಲ್ಲ.