ಹಸಿರು ಕಫ ಮತ್ತು ಬಾಟಲಿ ಊದುವ ಹುಡುಗ

ನಾನು ಮೈಸೂರಿನಲ್ಲಿ ಮಕ್ಕಳಿಗೆ ಎದೆಯ ಫಿಸಿಯೋಥೆರಪಿ ಮಾಡುವವಳು. ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಜೀನ್ ದೋಷದಿಂದ ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಕಾಯಿಲೆ ಇರುವ ಮಕ್ಕಳು ನನ್ನ ಹತ್ತಿರ ಬರುವುದು ಅಪರೂಪ. ಬಂದವರೂ ಆಸ್ತಮಾ, ಟಿಬಿ ಅಂತ ವರ್ಷಗಟ್ಟಲೆ ಔಷಧಿ ತಿಂದು, ಕೊನೆಗೆ ಬೆವರಿನ ಪರೀಕ್ಷೆಯಲ್ಲಿ ಕ್ಲೋರೈಡ್ (ಉಪ್ಪಿನ ಅಂಶ) ಲೀಟರಿಗೆ 60 ಮಿಲಿಮೋಲ್ ದಾಟಿ ಕಾಯಿಲೆ ಗೊತ್ತಾದ ಮೇಲೆ ಬಂದವರು.

ಒಂಬತ್ತು ವರ್ಷದ ಒಬ್ಬ ಹುಡುಗ. ಅವನ ತಾಯಿ ಒಂದು ದಿನ ಮುಚ್ಚಳದ ಡಬ್ಬಿಯಲ್ಲಿ ಕಫ ತಂದರು. 'ಮೇಡಂ, ಮತ್ತೆ ಹಸಿರಾಗಿದೆ ನೋಡಿ' ಅಂದರು. ಡಬ್ಬಿ ಓರೆ ಮಾಡಿದೆ. ಹರಿಯಲೇ ಇಲ್ಲ, ಗೋಂದಿನ ಮುದ್ದೆ ಥರ ಒಟ್ಟಿಗೆ ಜಾರಿತು.

ಆ ಹಸಿರಿನಲ್ಲಿ ದೊಡ್ಡ ಪಾಲು ನಮ್ಮದೇ ಬಿಳಿ ರಕ್ತಕಣಗಳದ್ದು. ನ್ಯೂಟ್ರೋಫಿಲ್ ಅನ್ನುವ ಆ ಬಿಳಿ ಕಣದ ಒಳಗೆ ಮೈಲೋಪೆರಾಕ್ಸಿಡೇಸ್ ಅನ್ನುವ ಕಿಣ್ವ ಇದೆ, ಅದರ ಬಣ್ಣವೇ ಹಸಿರು. ರೋಗಾಣು ಕೊಲ್ಲಲು ಅದು ಹೈಪೋಕ್ಲೋರಸ್ ಆಮ್ಲ ಮಾಡುತ್ತದೆ, ಅಂದರೆ ನೆಲ ಒರೆಸುವ ಬ್ಲೀಚಿನ ಜಾತಿಯದ್ದೇ. ಆರೋಗ್ಯವಂತರ ಶ್ವಾಸನಾಳದ ದ್ರವದಲ್ಲಿ ಗ್ಲುಟಾಥಯೋನ್ ಅನ್ನುವ ರಕ್ಷಕ ವಸ್ತು ಇದ್ದು ಆ ಖಾರವನ್ನು ತಣಿಸುತ್ತದೆ. ಸಿಎಫ್‌ಟಿಆರ್ ಅನ್ನುವುದು ಜೀವಕೋಶದಲ್ಲಿ ಕ್ಲೋರೈಡ್ ಓಡಾಡುವ ಬಾಗಿಲು; ಈ ಕಾಯಿಲೆಯಲ್ಲಿ ಕೆಡುವುದು ಅದೇ. ಅದು ಕೆಟ್ಟ ಮಕ್ಕಳಲ್ಲಿ ಗ್ಲುಟಾಥಯೋನ್ ಕಡಿಮೆ, ಹಾಗಾಗಿ ಕೊಲ್ಲಲು ಬಂದದ್ದು ಶ್ವಾಸನಾಳದ ಗೋಡೆಯನ್ನೇ ಸುಡುತ್ತದೆ. ಸತ್ತ ಕಣಗಳ ಡಿಎನ್‌ಎ ಕಫವನ್ನು ಇನ್ನೂ ಅಂಟು ಮಾಡುತ್ತದೆ, ಅಂಟಿನಲ್ಲಿ ರೋಗಾಣು ಬೆಳೆಯುತ್ತದೆ, ಮತ್ತೆ ನ್ಯೂಟ್ರೋಫಿಲ್ ಬರುತ್ತವೆ. ಈ ಕಾಯಿಲೆಯಲ್ಲಿ ಕಾಡುವ ಬ್ಯಾಕ್ಟೀರಿಯಾ ಸೂಡೊಮೋನಾಸ್‌ಗೂ ತನ್ನದೇ ಹಸಿರು ಇರುವುದರಿಂದ ಬಣ್ಣ ನೋಡಿ ಏನೂ ತೀರ್ಮಾನಿಸಬಾರದು, ಕಲ್ಚರ್ (ಕಫದ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲೇಬೇಕು.

ಇದನ್ನು ಕೇಳಿದ ತಂದೆ, 'ಹಾಗಾದ್ರೆ ಗ್ಲುಟಾಥಯೋನ್ ಮಾತ್ರೆ ಕೊಟ್ರೆ ಆಯ್ತಲ್ವಾ ಮೇಡಂ?' ಅಂದರು. ಎಲ್ಲರೂ ಕೇಳುವ ಪ್ರಶ್ನೆ. ಜರ್ಮನಿಯಲ್ಲಿ 6 ತಿಂಗಳು ಅದನ್ನು, ಔಷಧಿ ಮಂಜು ಮಾಡಿ ಸೇದಿಸುವ ನೆಬ್ಯುಲೈಸರ್‌ನಲ್ಲೇ ಕೊಟ್ಟು ನೋಡಿದ್ದಾರೆ, 2013ರಲ್ಲಿ ಫಲಿತಾಂಶ ಬಂತು, ಉಸಿರಿನ ಶಕ್ತಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಮಾತ್ರೆಗೆ ದುಡ್ಡು ಸುರಿಯಬೇಡಿ, ಸುಡುವ ಆ ಕಸವನ್ನೇ ದಿನಾ ಹೊರಗೆ ತೆಗೆಯೋಣ ಅಂದೆ.

ನಾವು ಮಾಡಿದ ಕ್ರಮ ಹೀಗಿತ್ತು. ಮೊದಲು ಶ್ವಾಸನಾಳ ಹಿಗ್ಗಿಸುವ ಔಷಧಿ. ಆಮೇಲೆ ಡಾಕ್ಟರ್ ಬರೆದುಕೊಟ್ಟ ಗಟ್ಟಿ ಉಪ್ಪುನೀರಿನ ನೆಬ್ಯುಲೈಸೇಶನ್; ಆಸ್ಟ್ರೇಲಿಯಾದಲ್ಲಿ 7 ಶೇಕಡಾ ಉಪ್ಪುನೀರು ದಿನಕ್ಕೆ ಎರಡು ಸಲ ಕೊಟ್ಟಾಗ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಗಿದ್ದು 2006ರಲ್ಲೇ ಗೊತ್ತಾಗಿತ್ತು. ನಂತರ ಬಾಟಲಿ. ಸುಮಾರು 10 ಸೆಂಟಿಮೀಟರ್ ನೀರು ತುಂಬಿ, ಪೈಪು ತಳದ ತನಕ ಇಳಿಸಿ, ಗುಳುಗುಳು ಅನ್ನುವಂತೆ ನಿಧಾನವಾಗಿ ಊದಿಸುವುದು. ಹತ್ತು ಹನ್ನೆರಡು ಸಲ ಊದಿದ ಮೇಲೆ, ಕನ್ನಡಿಗೆ ಮಂಜು ಹಿಡಿಸುವ ಹಾಗೆ ಬಾಯಿ ತೆರೆದು 'ಹಾ' ಅಂತ ಜೋರಾಗಿ ಉಸಿರು ಬಿಟ್ಟು ಕೆಮ್ಮುವುದು. ಸೇದುವ ಆ್ಯಂಟಿಬಯೋಟಿಕ್ ಇದ್ದರೆ ಎಲ್ಲಕ್ಕಿಂತ ಕೊನೆಗೆ, ದಾರಿ ತೆರವಾದ ಮೇಲೆ.

ತಪ್ಪಾದದ್ದು ನನ್ನಿಂದಲೇ. ಪರೀಕ್ಷೆ ಸಮಯ, ಹುಡುಗ ಓಡಾಡಿಕೊಂಡು ಚೆನ್ನಾಗಿದ್ದ, ಕೆಮ್ಮೂ ಇಲ್ಲ. 'ಮೂರು ವಾರ ಬೆಳಗಿನ ಊದುವುದು ಬಿಡಿ ಪರವಾಗಿಲ್ಲ' ಅಂದುಬಿಟ್ಟೆ. ಕೆಮ್ಮಿಲ್ಲದಾಗಲೂ ಒಳಗೆ ಉರಿಯೂತ ನಡೆಯುತ್ತಲೇ ಇರುತ್ತದೆ, ಅದು ಗೊತ್ತಿದ್ದೂ ಹೇಳಿದೆ. ನಾಲ್ಕನೇ ವಾರ ಜ್ವರ, ರಾತ್ರಿಯೆಲ್ಲ ಕೆಮ್ಮು, ಎರಡು ವಾರ ಡ್ರಿಪ್. ಆ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು. ಅಂದಿನಿಂದ ರಜೆ ಅನ್ನುವ ಮಾತು ನನ್ನ ಬಾಯಲ್ಲಿ ಬಂದಿಲ್ಲ.

2019ರಿಂದ ಕೆಟ್ಟ ಆ ಸಿಎಫ್‌ಟಿಆರ್ ಬಾಗಿಲನ್ನೇ ಸರಿಮಾಡುವ ಮೂರು ಔಷಧಿಗಳ ಮಾತ್ರೆ ಅಮೆರಿಕದಲ್ಲಿ ಸಿಗುತ್ತಿದೆ. ಬೆಲೆ ನಮ್ಮ ಮನೆಗಳಿಗೆ ಎಟುಕುವುದಿಲ್ಲ, ಅವನ ಜೀನ್ ದೋಷಕ್ಕೆ ಅದು ಒಗ್ಗಬೇಕು ಬೇರೆ.

ಈಗ ಅವನು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ಬಾಟಲಿ ಊದುತ್ತಾನೆ, ಓವರ್ ಮುಗಿದಾಗ 'ಹಾ'. ಬಾಟಲಿ ನೀರು ಪ್ರತಿ ಸಲ ಹೊಸದು. ನೆಬ್ಯುಲೈಸರ್ ಕಪ್ಪನ್ನು ಅವರಮ್ಮ ಸೋಪಿನಲ್ಲಿ ತೊಳೆದು 5 ನಿಮಿಷ ಕುದಿಸಿ, ಒರೆಸದೆ ಗಾಳಿಗೆ ಒಣಗಲು ಇಡುತ್ತಾರೆ.